ತೊಂಗದ ರಾಜನ ಅಕ್ಕ

ನಮ್ಮ ಎರಡನೆಯ ಮಗು ಹೊಟ್ಟೆಯಲ್ಲಿದ್ದ ವರ್ಷ ನಾವು ಮೆನ್ಲೋ ಪಾರ್ಕಿನಲ್ಲಿ, ಫ್ರೀವೇಗೆ ಬೆನ್ನು ಮಾಡಿ ನಿಂತಿದ್ದ ಒಂದು ಎರಡಂತಸ್ತಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಕಂಡವರೆಲ್ಲ ಹೊಸ ಕಂಪನಿ ಕಟ್ಟುತ್ತೇವೆಂದು ಓಡಾಡುತ್ತಿದ್ದ ಕಾಲ ಅದು. ಯಜಮಾನರ ಆಫೀಸಿನ ಮೀಟಿಂಗುಗಳಿಗೆ ಹೊತ್ತು ಗೊತ್ತಿರಲಿಲ್ಲ. ನನ್ನದು ಕೆಲಸ ಮಾಡಲು ಅನುಮತಿಯಿಲ್ಲದ ವೀಸಾ. ಮೊದಲ ಮಗಳನ್ನು ಪ್ರೀಸ್ಕೂಲಿಗೆ ಬಿಟ್ಟು ಬಂದರೆ ಮನೆ, ಅಡುಗೆ, ಬಟ್ಟೆ, ಕಿಟಕಿ. ಅಂಥ ಸಾಧಾರಣ ದಿನಗಳ ನಡುವೆ ನಾನು ಒಂದು ತೀರ್ಮಾನ ಮಾಡಿಕೊಂಡೆ: ಹುಟ್ಟುವ ಮಗುವಿಗೆ ಅದರ ಸೋದರತ್ತೆಯೇ ಹೆಸರಿಡಬೇಕು, ಬೇರೆ ಯಾರೂ ಕೂಡದು.

ನಾನು ಹಟದ ಹೆಂಗಸಲ್ಲ. ಹಾಸನದ ಕಾನ್ವೆಂಟಿನಲ್ಲಿ ಓದಿದವಳು. ದನಿ ಎತ್ತದೆ ಮಾತಾಡುವುದು, ಇನ್ನೊಬ್ಬರ ಮಾತು ಮುಗಿಯುವ ತನಕ ಕಾಯುವುದು, ಎದ್ದ ಮೇಲೆ ಕುರ್ಚಿಯನ್ನು ಸದ್ದಾಗದಂತೆ ಒಳಕ್ಕೆ ತಳ್ಳುವುದು, ಇವನ್ನೆಲ್ಲ ಅಲ್ಲಿಂದ ಕಲಿತು ಬಂದೆ. ಆದರೆ ಈ ವಿಷಯದಲ್ಲಿ ಬಗ್ಗಲಿಲ್ಲ. ಬಗ್ಗದಿರುವುದಕ್ಕೆ ಬಲ ಎಲ್ಲಿಂದ ಬಂತು ಎಂದು ಕೇಳಿದರೆ, ಸಾವಿರ ವರ್ಷ ಹಿಂದಿನ ಒಂದು ರಾಜವಂಶದಿಂದ ಎನ್ನಬೇಕಾಗುತ್ತದೆ. ನಮ್ಮ ನಾಡಿನ ರಾಜವಂಶವೂ ಅಲ್ಲ.

ಮಗುವಿನ ಸೋದರತ್ತೆ, ಅಂದರೆ ಯಜಮಾನರ ಅಕ್ಕ, ಯೂನಿಯನ್ ಸಿಟಿಯಲ್ಲಿದ್ದರು. ಸೇತುವೆ ದಾಟಿದರೆ ಅರ್ಧ ಗಂಟೆಯ ದಾರಿ. ಆದರೆ ಅಕ್ಕ ತಮ್ಮನ ನಡುವೆ ಮಾತು ನಿಂತು ವರ್ಷವಾಗಿತ್ತು. ಹಿಂದಿನ ವರ್ಷ ಹುಬ್ಬಳ್ಳಿಯಲ್ಲಿ ನಮ್ಮ ಮಾವನವರು ತೀರಿಕೊಂಡಿದ್ದರು. ಯಜಮಾನರು ಆಗಷ್ಟೇ ಕಂಪನಿ ಬದಲಿಸಿದ್ದರಿಂದ ವೀಸಾದ ಕಾಗದ ವಕೀಲರ ಹತ್ತಿರ ಸಿಕ್ಕಿಕೊಂಡಿತ್ತು. ದೇಶ ಬಿಟ್ಟರೆ ವಾಪಸು ಬಿಡುತ್ತಾರೋ ಇಲ್ಲವೋ, ಹೋಗಬೇಡಿ ಎಂದರು ವಕೀಲರು. ಅಕ್ಕನಿಗೆ ಆ ತೊಡಕಿರಲಿಲ್ಲ. ಕಾಯಿಲೆಯ ಸುದ್ದಿ ಬಂದಾಗಲೇ ಹೊರಟುಹೋಗಿ ಅಪ್ಪನ ಹಾಸಿಗೆಯ ಪಕ್ಕದಲ್ಲಿದ್ದರು. ಅಪ್ಪ ಹೋದ ದಿನ ದಾಯಾದಿಗಳು ಚಿಕ್ಕಪ್ಪನ ಮಗನನ್ನು ಮುಂದೆ ತಂದು ನಿಲ್ಲಿಸಿದರು. ಅಕ್ಕ ಅವನು ಬೇಡ ಎಂದು, ಹೆಂಗಸರು ಹೋಗದ ಸ್ಮಶಾನಕ್ಕೆ ತಾವೇ ನಡೆದು, ಚಿತೆಗೆ ತಾವೇ ಬೆಂಕಿ ಕೊಟ್ಟರು.

ಈ ಸುದ್ದಿ ನಮಗೆ ಮುಟ್ಟಿದ್ದು ಆ ದಾಯಾದಿಗಳ ಬಾಯಿಂದ. ಯಜಮಾನರು ಫೋನು ಇಟ್ಟು ಬಹಳ ಹೊತ್ತು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದರು. "ಮಗಾ ಬದುಕಿರಬೇಕಾದ್ರ ಮಗಳು ಕೊಳ್ಳಿ ಇಟ್ಲು. ನನ್ನ ಜಾಗಾ ಆಕಿ ತೊಗೊಂಡ್ಲು," ಎಂದರು. ಚಿಕ್ಕಪ್ಪನ ಮಗ ಇಟ್ಟಿದ್ದರೆ ಅವರಿಗೆ ಅಷ್ಟು ನೋಯುತ್ತಿರಲಿಲ್ಲ ಎಂದು ನನಗೆ ಆಗಲೇ ಅನಿಸಿತ್ತು. ಅವನು ಬದಲಿಗೆ ನಿಂತವನಾಗುತ್ತಿದ್ದ, ಅಷ್ಟೇ. ಅಕ್ಕ ಹಿರಿಯಳು, ಅಪ್ಪನ ಮೊದಲ ಮಗು. ಅವರು ಬೆಂಕಿ ಕೊಟ್ಟರೆ ಆ ಜಾಗ ಅವರದೇ ಆಗಿಬಿಡುತ್ತದೆ ಎಂಬ ಭಯ ಇವರಿಗೆ.

ನಮ್ಮ ಮೊದಲ ಮಗಳಿಗೆ ಹುಬ್ಬಳ್ಳಿಯಲ್ಲಿ ಹೆಸರಿಟ್ಟವರು ಇದೇ ಅಕ್ಕ. ಅವರ ಕಡೆಯ ಪದ್ಧತಿ ಅದು: ತೊಟ್ಟಿಲ ಮೇಲೆ ಬಾಗಿ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ ಮೇಲೆಯೇ ಉಳಿದವರು ಆ ಹೆಸರಿನಿಂದ ಕರೆಯಬೇಕು. ಹಾಸನದ ನಮ್ಮ ಮನೆಯಲ್ಲಿ ಅಷ್ಟು ಕಟ್ಟುನಿಟ್ಟಿರಲಿಲ್ಲ. ಆದರೂ ಅಂದು ಅಕ್ಕ ಬಾಗಿದ ರೀತಿ ನನಗೆ ಚೆನ್ನಾಗಿ ನೆನಪಿತ್ತು; ಮಗುವಿನ ಕೆನ್ನೆಗೆ ತಾಗಬಾರದೆಂದು ಮಾಂಗಲ್ಯದ ಸರವನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು.

ನಮ್ಮ ಕೆಳಗಿನ ಮನೆಯಲ್ಲಿ ತೊಂಗದಿಂದ ಬಂದ ಒಬ್ಬ ಹಿರಿಯ ಹೆಂಗಸು ಮಗನ ಸಂಸಾರದ ಜೊತೆ ಇದ್ದರು. ತೊಂಗ ಅಂದರೆ ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳ ಒಂದು ರಾಜ್ಯ. ಈಗಲೂ ಅಲ್ಲಿ ರಾಜರಿದ್ದಾರೆ. ಇವರು ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಚರಿತ್ರೆಯ ಟೀಚರಾಗಿದ್ದು ನಿವೃತ್ತರಾದವರು. ಅಗಲವಾದ ಮುಖ, ಬೆಳ್ಳಗಿನ ಕೂದಲು, ಕೂತಲ್ಲಿಂದ ಏಳುವಾಗ ಯಾರ ಕೈಯನ್ನೂ ಹಿಡಿಯದ ಬಿಗುವು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ನಮ್ಮಿಬ್ಬರ ಭೇಟಿ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ. ಒಂದು ದಿನ ದಿಂಬಿನ ಚೀಲ ಮಡಿಸುತ್ತ ಅವರು ಒಂದು ಪ್ರಾರ್ಥನೆಯ ಹಾಡನ್ನು ಗುನುಗಿದರು. ನನಗೆ ಗೊತ್ತಿಲ್ಲದಂತೆ ಎರಡನೆಯ ಸಾಲು ನನ್ನ ಬಾಯಿಂದ ಬಂತು. ಕೈ ನಿಲ್ಲಿಸಿ ನನ್ನತ್ತ ನೋಡಿದರು. ನೀನೂ ಸಿಸ್ಟರುಗಳ ಕೈಯಲ್ಲಿ ಓದಿದವಳಾ ಎಂದು ಕೇಳಿದರು. ಅಂದಿನಿಂದ ನಾವು ಬೇಕೆಂದೇ ಒಂದೇ ಹೊತ್ತಿಗೆ ಬಟ್ಟೆ ಒಗೆಯತೊಡಗಿದೆವು.

ಅವರ ಇಂಗ್ಲಿಷು ನಿಧಾನ, ನನ್ನದೂ ನಿಧಾನ. ಡ್ರೈಯರು ಗುಂಯ್‌ಗುಡುವ ಆ ಬೆಚ್ಚನೆಯ ಕೋಣೆಯಲ್ಲಿ ಅವರು ತಮ್ಮ ಹಳೆಯ ರಾಜರ ಕಥೆ ಹೇಳುತ್ತಿದ್ದರು. ಆ ವಂಶದ ದೊರೆಗೆ ತುಯಿ ತೊಂಗ ಎಂದು ಬಿರುದು. ಸುಮಾರು ಸಾವಿರ ವರ್ಷದ ಹಿಂದೆ ಶುರುವಾದ ವಂಶ. ಕೊನೆಯ ತುಯಿ ತೊಂಗ ನಮ್ಮ ಕ್ಯಾಥೊಲಿಕ್ ಚರ್ಚಿನವರೇ, ಅವರ ನಂತರ ಆ ಬಿರುದನ್ನು ಯಾರಿಗೂ ಕೊಡಲಿಲ್ಲ, ರಾಜ್ಯ ಇನ್ನೊಂದು ಮನೆತನಕ್ಕೆ ಹೋಯಿತು ಎಂದು ಹೇಳುವಾಗ ಅವರ ದನಿ ಸ್ವಲ್ಪ ತಗ್ಗುತ್ತಿತ್ತು.

ಮೊದಲ ರಾಜನ ಕಥೆ ಹೀಗಿತ್ತು. ಆಕಾಶದ ದೇವರೊಬ್ಬ ಒಂದು ದೊಡ್ಡ ಮರದ ಮೂಲಕ ಭೂಮಿಗೆ ಇಳಿದು ಬಂದು ಇಲ್ಲಿಯ ಒಬ್ಬ ಹೆಂಗಸನ್ನು ಕೂಡಿದ. ಮರ ಯಾವುದೆಂದು ನಾನು ಕೇಳಿದೆ. ಅವರು ವಿವರಿಸಿದ ಮೇಲೆ ಗೊತ್ತಾಯಿತು, ನಮ್ಮ ಸರ್ವೆ ಮರ. ದೇವರು ಮರಳಿ ಮೇಲೆ ಹೋದ. ಹುಟ್ಟಿದ ಹುಡುಗ ದೊಡ್ಡವನಾಗಿ, ನನ್ನ ಅಪ್ಪ ಯಾರು ಎಂದು ತಾಯಿಯನ್ನು ಕೇಳಿ, ಮೈಗೆ ಎಣ್ಣೆ ಹಚ್ಚಿಕೊಂಡು ಆ ಮರ ಹತ್ತಿ ಆಕಾಶ ಸೇರಿದ. ಅಪ್ಪ ಅವನನ್ನು ಕಂಡು ಅತ್ತ. ಅಲ್ಲಿ ಆ ದೇವರಿಗೆ ಬೇರೆ ಗಂಡುಮಕ್ಕಳಿದ್ದರು, ಇವನಿಗಿಂತ ಹಿರಿಯರು. ಭೂಮಿಯಿಂದ ಬಂದ ಈ ತಮ್ಮನ ಚೆಲುವನ್ನೂ ಆಟದಲ್ಲಿ ಅವನ ಕೈಚಳಕವನ್ನೂ ಕಂಡು ಅವರಿಗೆ ಹೊಟ್ಟೆಕಿಚ್ಚಾಯಿತು. ಅವನನ್ನು ಕೊಂದರು. ಕೊಂದು ತಿಂದರು.

"ತಿಂದರಾ?" ಎಂದು ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಅಣ್ಣಂದಿರು ತಮ್ಮನನ್ನು ಗುಂಡಿಗೆ ತಳ್ಳಿದ ಬೈಬಲಿನ ಕಥೆ ಕಾನ್ವೆಂಟಿನಲ್ಲಿ ಕೇಳಿದ್ದೆ. ಇದು ಅದನ್ನೂ ಮೀರಿತ್ತು.

ಆಂಟಿ ಕಾಲುಚೀಲಗಳ ಜೋಡಿ ಹುಡುಕುತ್ತ, ತಿಂದರು ಎಂದು ತಲೆಯಾಡಿಸಿ ಮುಂದುವರಿಸಿದರು. ಅಪ್ಪನಿಗೆ ಗೊತ್ತಾಯಿತು. ದೊಡ್ಡ ಮರದ ಬೋಗುಣಿ ತರಿಸಿ, ಮಕ್ಕಳ ಗಂಟಲಿಗೆ ಬೆರಳು ಹಾಕಿಸಿ, ತಿಂದದ್ದನ್ನೆಲ್ಲ ಅದರಲ್ಲಿ ಕಾರಿಸಿದ. ಮೂಳೆಗಳನ್ನೂ ತಲೆಯನ್ನೂ ಹುಡುಕಿಸಿ ತಂದು ಸೇರಿಸಿ, ನೀರು ಹಾಕಿ, ಮದ್ದಿನ ಎಲೆಗಳನ್ನು ಮುಚ್ಚಿ ಇಟ್ಟ. ಬೆಳಗಾಗುವಾಗ ಹುಡುಗ ಬೋಗುಣಿಯಲ್ಲಿ ಎದ್ದು ಕೂತಿದ್ದ. ಆಗ ಅಪ್ಪ ತೀರ್ಪು ಕೊಟ್ಟ: ಕಿರಿಯವನೇ ಭೂಮಿಗೆ ಇಳಿದು ರಾಜನಾಗಲಿ. ಹಿರಿಯರೂ ಜೊತೆಗೆ ಹೋಗಿ ಅವನ ಸೇವೆ ಮಾಡಲಿ. ಎಲ್ಲರಿಗೂ ಹಿರಿಯನಾದವನ ಮನೆ ಎರಡನೆಯ ಮನೆ. ಕಿರಿಯವನ ವಂಶ ಎಂದಾದರೂ ನಿಂತುಹೋದರೆ ಆ ಎರಡನೆಯ ಮನೆಯವರು ಪಟ್ಟಕ್ಕೆ ಬರಲಿ.

ಕೊಲೆ ಮಾಡಿದವರಿಗೂ ಪಟ್ಟದ ಸಾಲಿನಲ್ಲಿ ಜಾಗವೇ ಎಂದು ನಾನು ಕೇಳಿದೆ. ಹಿರಿಯ ಹಿರಿಯನೇ ಅಲ್ಲವಾ ಎಂದರು ಆಂಟಿ. ಶಿಕ್ಷೆ ಕೊಡಬೇಕು, ಆದರೆ ಹೊರಗೆ ಹಾಕಿದರೆ ಅವನು ಹೊರಗೆ ನಿಂತು ಇನ್ನೇನು ಮಾಡುತ್ತಾನೋ, ಅದಕ್ಕೇ ಒಳಗೇ ಒಂದು ಚಾಪೆ ಹಾಸಿ ಕೂರಿಸಿದ ಎಂದು ನಕ್ಕರು.

ಅಂದು ಊಟದ ಹೊತ್ತಿಗೆ ಯಜಮಾನರಿಗೆ ಈ ಕಥೆ ಹೇಳಿದೆ. ಮಗಳು ಬೋಗುಣಿಯ ಭಾಗವನ್ನು ಎರಡು ಸಲ ಹೇಳಿಸಿಕೊಂಡು "ಗ್ರೋಸ್!" ಎಂದು ಅಸಹ್ಯದಿಂದ ಮುಖ ಕಿವಿಚಿದಳು. ಯಜಮಾನರು ನಕ್ಕರು.

ಸ್ವಲ್ಪ ದಿನಕ್ಕೆ ಆಂಟಿಯ ಮೊಮ್ಮಗನ ಮೊದಲ ವರ್ಷದ ಹುಟ್ಟುಹಬ್ಬ ಬಂತು. ಹಿತ್ತಲಿನ ಹುಲ್ಲಿನ ಮೇಲೆ ಶಾಮಿಯಾನ ಹಾಕಿ, ನೆಲದ ತುಂಬ ಚಾಪೆ ಹಾಸಿ, ಊರಿಗೆ ಊರೇ ಸೇರಿದಷ್ಟು ಜನ. ನಾನೂ ಮಗಳೂ ಹೋಗಿದ್ದೆವು. ಎಲ್ಲರಿಗಿಂತ ಮುಂದೆ, ಒಂದರ ಮೇಲೊಂದು ಹಾಸಿದ ನಯವಾದ ಚಾಪೆಗಳ ಮೇಲೆ ಒಬ್ಬ ಹೆಂಗಸು ಕೂತಿದ್ದರು. ನಮ್ಮ ಗ್ರೋಸರಿ ಅಂಗಡಿಯಲ್ಲಿ ಕ್ಯಾಶ್ ಕೌಂಟರಿನಲ್ಲಿ ನಿಲ್ಲುವವರು, ನನಗೆ ಮುಖ ಪರಿಚಯ. ಮೊದಲ ತಟ್ಟೆ ಅವರಿಗೆ. ಮೂರು ಅಂತಸ್ತಿನ ಕೇಕಿನ ಮೇಲಿನ ಅಂತಸ್ತು ಅವರಿಗೆ. ಉಡುಗೊರೆಯಾಗಿ ಬಂದ ಒಳ್ಳೆಯ ಬಟ್ಟೆ, ಚಾಪೆ ಎಲ್ಲ ಮೊದಲು ಅವರ ಮುಂದೆ. ಮಗುವಿನ ಅಪ್ಪ, ಆಂಟಿಯ ಮಗ, ದೈತ್ಯನಂಥ ಮನುಷ್ಯ, ಅವರ ಮುಂದೆ ಹಾದುಹೋಗುವಾಗ ಬೆನ್ನು ಬಾಗಿಸಿ ನಡೆಯುತ್ತಿದ್ದ.

ಅವರು ಯಾರು ಎಂದು ಆಂಟಿಯನ್ನು ಕೇಳಿದೆ. ಗದ್ದಲದಲ್ಲಿ ಅವರು ನನ್ನ ಕಿವಿಗೆ ಬಾಯಿಟ್ಟು ಒಂದೇ ಮಾತು ಹೇಳಿದರು: "ಮೆಹಿಕಿತಂಗ." ಹಳೆಯ ಕಾಲದಲ್ಲಿ ತುಯಿ ತೊಂಗನಿಗಿಂತಲೂ ಅವನ ಒಡಹುಟ್ಟಿದವಳು ಮೇಲೆ, ಅವಳು ಕೂತ ಕಡೆ ರಾಜನೂ ತಗ್ಗಿ ಕೂರಬೇಕು ಎಂದೂ ಸೇರಿಸಿದರು.

ಕನ್ನಡದ ಕಿವಿ ಏನು ಮಾಡುತ್ತದೆ? ತಂಗ ಎಂಬ ಸದ್ದು ಬಿದ್ದ ಕೂಡಲೇ ನನಗೆ ತಂಗಿ ಎಂದು ಕೇಳಿಸಿತು. ರಾಜನ ತಂಗಿ ರಾಜನಿಗಿಂತ ಮೇಲೆ! ಮನೆಗೆ ಬಂದವಳೇ ಯಜಮಾನರಿಗೆ ಹೇಳಿದೆ. ತಂಗಿಗೆ ಅಷ್ಟು ಮರ್ಯಾದೆ ಕೊಡುವ ಜನ, ನೀವೂ ನಿಮ್ಮ ಅಕ್ಕನನ್ನು ಮಾತಾಡಿಸಿದರೆ ಏನು ಎಂಬುದು ನನ್ನ ಮಾತಿನ ಧಾಟಿ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದರು: "ನನಗ ತಂಗಿ ಇಲ್ಲ. ಹಿಂಗಾಗಿ ನಿನ್ನ ರಾಜಂದೂ ನಂದೂ ಸಂಬಂಧ ಇಲ್ಲ, ಬಿಡು."

ಮಾತು ಅಲ್ಲಿಗೇ ಮುರಿಯಿತು. ಬೇಜಾರಾಯಿತು, ನಗುವೂ ಬಂತು.

ಮುಂದಿನ ಸಲ ಲಾಂಡ್ರಿ ರೂಮಿನಲ್ಲಿ ನನ್ನ ತಪ್ಪು ಬಯಲಾಯಿತು. ಆ ಕೌಂಟರಿನ ಹೆಂಗಸು ನಿಮ್ಮ ಮಗನ ತಂಗಿಯಲ್ಲವೇ ಎಂದೆ. ಅಲ್ಲ, ಅವಳು ನನ್ನ ಹಿರಿಯ ಮಗಳು, ಅವನ ಅಕ್ಕ ಎಂದರು. ಮೆಹಿಕಿತಂಗ ಅಂದರೆ ಮಗುವಿನ ಕಡೆಯಿಂದ ನೋಡಬೇಕಾದ ಸಂಬಂಧ: ಅಪ್ಪನ ಒಡಹುಟ್ಟಿದವಳು. ಅದರಲ್ಲೂ ಹಿರಿಯಳಾದರೆ ಅವಳಿಗಿಂತ ಮೇಲೆ ಯಾರೂ ಇಲ್ಲ. ಮದುವೆ, ಹುಟ್ಟುಹಬ್ಬ, ಸಾವು, ಎಲ್ಲಕ್ಕೂ ಅವಳು ಬಂದು ಕೂತ ಮೇಲೆಯೇ ಕೆಲಸ ನಡೆಯುವುದು.

ನಾನು ಕೈಯಲ್ಲಿದ್ದ ಟವೆಲನ್ನು ಹಾಗೇ ಹಿಡಿದು ನಿಂತೆ. ಸೋದರತ್ತೆ! ನಮ್ಮಲ್ಲಿ ಒಂದು ದಿನದ ಶಾಸ್ತ್ರಕ್ಕೆ ಕರೆಯುವ ಸೋದರತ್ತೆಗೆ ಇವರು ಸಾವಿರ ವರ್ಷದಿಂದ ರಾಜನಿಗಿಂತ ಎತ್ತರದ ಜಾಗ ಕೊಟ್ಟು ಕೂರಿಸಿದ್ದಾರೆ. ಹಾಗಿದ್ದರೆ ರಾಜನ ಅಕ್ಕನ ಮಕ್ಕಳೇ ಸಿಂಹಾಸನ ಕೇಳಲಿಲ್ಲವೇ ಎಂದು ಕೇಳಿದೆ. ಚರಿತ್ರೆಯ ಟೀಚರಿಗೆ ಈ ಪ್ರಶ್ನೆ ಬಹಳ ಹಿಡಿಸಿತು. ಅದಕ್ಕೇ ಅವಳನ್ನು ಫಿಜಿಯಿಂದ ಬಂದ ಮನೆತನಕ್ಕೆ ಮದುವೆ ಮಾಡಿ ಕೊಡುತ್ತಿದ್ದರಂತೆ. ಹೊರಗಿನವರ ಮಕ್ಕಳಾದರೆ ಪಟ್ಟ ಕೇಳುವ ಹಾಗಿಲ್ಲ. ಆದರೆ ಮರ್ಯಾದೆ ಮಾತ್ರ ಕಡಿಮೆಯಾಗಲಿಲ್ಲ. ಅವಳ ಮಗಳು ಎದುರು ಬಂದರೆ ತುಯಿ ತೊಂಗನೇ ನೆಲಕ್ಕೆ ಕೂತು ಅವಳ ಪಾದಕ್ಕೆ ತಲೆಬಾಗುತ್ತಿದ್ದ. ಪಟ್ಟ ಬೇರೆ, ಮೇಲು ಬೇರೆ ಎಂದರು ಆಂಟಿ. ಒಂದನ್ನು ತಮ್ಮನಿಗೆ ಕೊಟ್ಟರು, ಇನ್ನೊಂದನ್ನು ಅಕ್ಕನಿಗೆ. ಒಬ್ಬರದನ್ನು ಒಬ್ಬರು ಕಿತ್ತುಕೊಳ್ಳಲು ಆಗುವುದೇ ಇಲ್ಲ.

ನಿನ್ನ ಮಗುವಿಗೆ ಅಂಥವರು ಇದ್ದಾರಾ ಎಂದು ಅವರು ಕೇಳಿದರು. ಮನೆಯ ಜಗಳವನ್ನು ಹೊರಗೆ ಹೇಳಲು ನಾಚಿಕೆಯಾಗಿ ನಾನು, ಇದ್ದರು, ಈಗ ಇಲ್ಲ ಎಂದುಬಿಟ್ಟೆ. ಅವರು ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿದರು.

ನನ್ನ ತೀರ್ಮಾನ ಗಟ್ಟಿಯಾದದ್ದು ಆ ದಿನ. ಮೆಟ್ಟಿಲು ಹತ್ತಿ ಮೇಲೆ ಬಂದು, ಬುಟ್ಟಿ ಕೆಳಗಿಟ್ಟು, ಯೂನಿಯನ್ ಸಿಟಿಗೆ ಫೋನು ಮಾಡಿದೆ. ಅಕ್ಕನ ದನಿ ಕೇಳಿ ವರ್ಷವಾಗಿತ್ತು. ಕೂಸಿಗೆ ಹೆಸರಿಡಲು ನೀವೇ ಬರಬೇಕು ಅಕ್ಕ ಎಂದೆ.

"ಅವಾ ಕರೀ ಅಂದ್ನೇನು?"

"ಇಲ್ಲ ಅಕ್ಕ. ನಾನೇ ಕರೀತಿದೀನಿ."

"ನೀ ಕರದ್ರ ಊಟಕ್ಕ ಬರ್ತೀನಿ ತಂಗಿ. ಹೆಸರ ಇಡ್ಲಿಕ್ಕ ಬರಬೇಕಂದ್ರ ಅವನ ಬಾಯಿಲೆ ಕರೀಬೇಕು."

ಅದೂ ನ್ಯಾಯವೇ ಎನಿಸಿತು. ಅಂದು ಯಜಮಾನರಿಗೆ ನೇರವಾಗಿ ಹೇಳಿದೆ: ರಾಜನ ಕಥೆಯಲ್ಲಿ ನಾನು ತಪ್ಪು ಕೇಳಿಸಿಕೊಂಡಿದ್ದೆ, ಅದು ತಂಗಿಯಲ್ಲ, ಸೋದರತ್ತೆ, ನಿಮ್ಮ ಅಕ್ಕನನ್ನು ನೀವು ಕರೆಯಬೇಕು. ಅವರು ಲಾಸ್ ಆಲ್ಟೋಸಿನಲ್ಲಿ ಮನೆ ಮಾಡಿದ್ದ ತಮ್ಮ ಗೆಳೆಯನ ಹೆಂಡತಿಯ ಹೆಸರು ಹೇಳಿದರು. ಆಕೆಯೂ ಧಾರವಾಡದ ಕಡೆಯವರು, ಪದ್ಧತಿ ಗೊತ್ತು, ಅಕ್ಕನ ಜಾಗದಲ್ಲಿ ನಿಂತು ಮಾಡುತ್ತಾರೆ ಎಂದರು. ನಾನು ಅಂದೆ, "ಬೆಂಕಿ ಕೊಡೋಕೆ ಬದಲಿಯವನು ಸಾಕಿತ್ತು, ಹೆಸರಿಡೋಕೆ ಬದಲಿಯವಳು ಸಾಕು. ನಿಮ್ಮ ಮನೇಲಿ ನಿಜವಾದವರು ಯಾವಾಗ ಬರೋದು?"

ಅವರು ತಟ್ಟೆ ತೆಗೆದುಕೊಂಡು ಎದ್ದರು. ಮದುವೆಯಾದ ಮೇಲೆ ಅವರ ಜೊತೆ ನಾನು ಆಡಿದ ಅತಿ ಕಟುವಾದ ಮಾತು ಅದೇ ಇರಬೇಕು. ಆಡಿ ಬೇಸರಪಡಲಿಲ್ಲ.

ಮಗು ಮಾರ್ಚಿನಲ್ಲಿ ಹುಟ್ಟಿತು, ಹೆಣ್ಣು. ಹಣೆಯ ಮೇಲೆ ಅಚ್ಚ ಕಪ್ಪು ಕೂದಲು, ಬಲಗಿವಿಯ ಅಂಚು ಸ್ವಲ್ಪ ಮಡಿಚಿಕೊಂಡಿತ್ತು. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಕ್ಲರ್ಕ್ ಹೆಂಗಸೊಬ್ಬರು ನಗುನಗುತ್ತ ಬಂದು ಮಗುವಿನ ಹೆಸರೇನು ಎಂದರು. ಜನನ ಪತ್ರಕ್ಕೆ ಬೇಕು, ಮನೆಗೆ ಹೋಗುವುದರೊಳಗೆ ಹೇಳಬೇಕು. ಮೊದಲ ಮಗು ಹುಟ್ಟಿದ್ದು ಹುಬ್ಬಳ್ಳಿಯಲ್ಲಾದ್ದರಿಂದ ಈ ಅಮೆರಿಕದ ಅವಸರ ನಮಗೆ ಗೊತ್ತೇ ಇರಲಿಲ್ಲ. ಯಜಮಾನರು ಪೆನ್ನಿಗೆ ಕೈ ಚಾಚಿದರು. ನಾನು ಹಾಸಿಗೆಯಲ್ಲಿ ಎದ್ದು ಕೂತು, ಇನ್ನೂ ಹೆಸರಿಲ್ಲ, ಹೆಸರಿಡಬೇಕಾದವರು ಬಂದಿಲ್ಲ ಎಂದೆ.

ಆಕೆ ಅನುಕಂಪದಿಂದ ಕೇಳಿದರು, ಅವರು ಇಂಡಿಯಾದಲ್ಲಿದ್ದಾರಾ ಎಂದು.

"ಇಲ್ಲ," ಎಂದೆ. "ಯೂನಿಯನ್ ಸಿಟಿಯಲ್ಲಿ."

ಆಕೆ ನನ್ನ ಮುಖ ನೋಡಿ, ಯಜಮಾನರ ಮುಖ ನೋಡಿ, ಮತ್ತೆ ಬರುತ್ತೇನೆಂದು ಹೋದರು. ಯಜಮಾನರು ಕಿಟಕಿಯ ಹೊರಗೆ ಪಾರ್ಕಿಂಗಿನಲ್ಲಿ ನಿಂತ ಕಾರುಗಳನ್ನು ನೋಡುತ್ತ ನಿಂತರು.

ಮಧ್ಯಾಹ್ನ ಆಂಟಿ ಬಂದರು. ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ನಾವು ತಿನ್ನುವುದಿಲ್ಲವೆಂದು ಮಾಂಸ ಹಾಕದೆ, ಡಬ್ಬಿಯಲ್ಲಿ ತಂದಿದ್ದರು. ಮಗುವನ್ನು ಎತ್ತಿಕೊಂಡು ಮೂಗಿಗೆ ಮೂಗು ತಾಗಿಸಿ, ಇವಳ ಹೆಸರೇನು ಎಂದರು. ಯಜಮಾನರೇ ಉತ್ತರ ಕೊಟ್ಟರು, ಸ್ವಲ್ಪ ಸಿಡುಕಿನಿಂದ: ಇವಳಿಗೆ ನನ್ನ ಅಕ್ಕನೇ ಬಂದು ಹೆಸರಿಡಬೇಕಂತೆ, ಅಕ್ಕ ಸೇತುವೆಯ ಆಚೆ ಯೂನಿಯನ್ ಸಿಟಿಯಲ್ಲಿ ಕೂತಿದ್ದಾಳೆ.

ಆಂಟಿ ಮಗುವನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟರು.

"ಬದುಕಿದ್ದಾರಾ? ನಿನ್ನ ಹೆಂಡತಿ 'ಇದ್ದರು, ಈಗ ಇಲ್ಲ' ಅಂದಳು. ನಾನು ಪ್ರತಿ ಭಾನುವಾರ ಚರ್ಚಿನಲ್ಲಿ ಅವರ ಆತ್ಮಕ್ಕೆ ಮೇಣದಬತ್ತಿ ಹಚ್ಚುತ್ತಾ ಬಂದಿದ್ದೀನಿ."

ಯಜಮಾನರ ಮುಖದ ಬಣ್ಣ ಇಳಿಯಿತು. ಎರಡು ಕೈಯನ್ನೂ ಮುಂದೆ ಚಾಚಿ ಅವರನ್ನು ತಡೆಯುವವರ ಹಾಗೆ, ಗಾಬರಿಯಲ್ಲಿ ಅವರ ಜೊತೆಗೂ ಕನ್ನಡದಲ್ಲೇ ಮಾತಾಡಿದರು: "ಹಂಗ ಮಾಡಬ್ಯಾಡ್ರಿ. ಹಚ್ಚಬ್ಯಾಡ್ರಿ ಇನ್ನ."

ಆಮೇಲೆ ಕುರ್ಚಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು; ವಕೀಲರು, ಕಾಗದ, ಚಿತೆ, ಚಿಕ್ಕಪ್ಪನ ಮಗ. ಮಗನ ಜಾಗ ಮಗಳು ತೆಗೆದುಕೊಂಡಳು ಎಂಬಲ್ಲಿಗೆ ಬಂದು ನಿಂತರು. ಆಂಟಿ ಶಾಲೆಯಲ್ಲಿ ಮಕ್ಕಳ ಉತ್ತರ ಕೇಳುವವರ ಹಾಗೆ ಪೂರ್ತಿ ಕೇಳಿಸಿಕೊಂಡರು. ಅವರು ಸಮಾಧಾನ ಹೇಳುತ್ತಾರೆಂದು ನಾನು ಕಾದಿದ್ದೆ. ಅವರು ಹೇಳಿದ್ದು ಬೇರೆ.

"ನಮ್ಮಲ್ಲಿ ಅಪ್ಪ ಸತ್ತರೆ ಮಗನಿಗೂ ಜಾಗ ಇಲ್ಲ, ಮಗಳಿಗೂ ಇಲ್ಲ. ತುಯಿ ತೊಂಗನ ಮಕ್ಕಳಾದರೂ ಅಷ್ಟೇ. ಅಪ್ಪನ ಅಕ್ಕ ಅವನ ತಲೆಯ ಹತ್ತಿರ ಕೂರುತ್ತಾಳೆ. ಮಕ್ಕಳು ಸೊಂಟಕ್ಕೆ ಹರಿದ ಚಾಪೆ ಸುತ್ತಿಕೊಂಡು ಹಿತ್ತಲಿನಲ್ಲಿ ಅಡುಗೆ ಮಾಡಬೇಕು. ನೀವಿಬ್ಬರೂ ನಮ್ಮವರಾಗಿದ್ದಿದ್ದರೆ ಆ ದಿನ ಒಟ್ಟಿಗೆ ಗೆಣಸಿನ ಸಿಪ್ಪೆ ತೆಗೀತಾ ಇರುತ್ತಿದ್ದಿರಿ. ಒಬ್ಬರ ಪಕ್ಕ ಒಬ್ಬರು."

ಯಜಮಾನರಿಗೆ ನಗು ಬಂತು. ನಗು ಬಂದದ್ದು ಅವರಿಗೇ ಇಷ್ಟವಾಗದೆ ಬಾಯಿ ಒರೆಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಗಾಜು ತಿಕ್ಕಿದರು, ತಿಕ್ಕುತ್ತಲೇ ಇದ್ದರು. ಆಂಟಿ ಮಗುವನ್ನು ನನ್ನ ಕೈಗೆ ಕೊಟ್ಟು, ಡಬ್ಬಿ ಬಿಸಿಯಿದ್ದಾಗಲೇ ತಿನ್ನು ಎಂದು ಹೇಳಿ ಹೊರಟರು.

ಅವರು ಹೋದ ಮೇಲೆ ಯಜಮಾನರು ಹಾಸಿಗೆಯ ಪಕ್ಕದ ಫೋನು ಎತ್ತಿಕೊಂಡರು. ನಂಬರು ಅವರಿಗೆ ಬಾಯಿಪಾಠವಿತ್ತು.

"ಅಕ್ಕಾ, ನಾ," ಎಂದರು. ಆಚೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. "ಹೆಣ್ಣು ಕೂಸು. ಹೆಸರ ಇಡ್ಲಿಕ್ಕ ನೀನ ಬರಬೇಕು. ಬಾ."

ಅಕ್ಕ ಸಂಜೆಯೊಳಗೇ ಬಂದರು. ಮನೆಯಲ್ಲಿ ಉಡುವ ಸಾದಾ ವಾಯಿಲ್ ಸೀರೆಯ ಮೇಲೆ ಕೋಟು ತೊಟ್ಟು, ಹಾಗೇ ಕಾರು ಹತ್ತಿದ್ದರು. ತಮ್ಮನ ಕಡೆ ನೋಡದೆ ನೇರ ಸಿಂಕಿಗೆ ಹೋಗಿ ಸೋಪು ಹಾಕಿ ಕೈ ತೊಳೆಯತೊಡಗಿದರು. ಯಜಮಾನರು ಪೇಪರ್ ಟವೆಲ್ ಹರಿದು ಹಿಡಿದು ಅವರ ಪಕ್ಕ ನಿಂತರು. ಅಕ್ಕ ನಲ್ಲಿ ನಿಲ್ಲಿಸದೆಯೇ ಮಾತಾಡಿದರು.

"ಕಾಕಾನ ಮಗಾ ಅಪ್ಪನ ಕೂಡ ವರ್ಷಾನಗಟ್ಟಲೆ ಮಾತ ಬಿಟ್ಟಾಂವ. ಅವನ ಕೈಲೆ ಬೆಂಕಿ ಕೊಡಸಬೇಕಿತ್ತೇನು?"

ಅಕ್ಕ ಇನ್ನೊಮ್ಮೆ ಸೋಪು ಹಾಕಿಕೊಂಡರು.

"ಪುರೋಹಿತರು ಕೇಳಿದ್ರು, ಯಾರ ಪರವಾಗಿ ಅಂತ. ನನ್ನ ತಮ್ಮನ ಪರವಾಗಿ ಅಂದೆ. ನಿನ್ನ ಹೆಸರ ಹೇಳೇ ಕೊಟ್ಟೀನಿ. ಅದನ್ನ ಯಾರೂ ಹೇಳಲಿಲ್ಲೇನು ನಿನಗ?"

ಯಾರೂ ಹೇಳಿರಲಿಲ್ಲ. ನಮಗೆ ಸುದ್ದಿ ಕೊಟ್ಟವರು ಆ ಒಂದು ಮಾತನ್ನು ಬಿಟ್ಟು ಉಳಿದುದೆಲ್ಲವನ್ನೂ ಹೇಳಿದ್ದರು. ಯಜಮಾನರು ಕೈಯಲ್ಲಿದ್ದ ಪೇಪರನ್ನು ಅಕ್ಕನಿಗೆ ಕೊಡಲು ಮರೆತು ಅದರಲ್ಲೇ ತಮ್ಮ ಮುಖ ಒರೆಸಿಕೊಂಡರು. "ನನಗ ಬ್ಯಾರೆ ಕೊಡೋ ಮಾರಾಯಾ, ಕೈ ಹಸಿ ಅವ," ಎಂದರು ಅಕ್ಕ.

ಆ ಕ್ಲರ್ಕ್ ಮರಳಿ ಬಂದಾಗ ಅಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಮಡಿಚಿದ ಕಿವಿಯನ್ನು ಬೆರಳಿನಿಂದ ನೇವರಿಸುತ್ತಿದ್ದರು. ಇವರೇ ಹೆಸರಿಡುವವರು ಎಂದು ನಾನು ಪರಿಚಯಿಸಿದೆ. ಆಕೆ ಸಂತೋಷದಿಂದ ಪೆನ್ನು ತೆರೆದರು. ಅಕ್ಕ ತಲೆಯೆತ್ತಿ ತಮ್ಮ ಹುಬ್ಬಳ್ಳಿ ಇಂಗ್ಲಿಷಿನಲ್ಲಿ, ಈಗ ಆಗುವುದಿಲ್ಲ, ಹನ್ನೆರಡನೆಯ ದಿನಕ್ಕೆ ಎಂದರು. ನಮ್ಮ ಕಡೆ ತಿರುಗಿ, "ತೊಟ್ಟಿಲಿಲ್ಲ, ಶಾಸ್ತ್ರ ಇಲ್ಲ, ಇಲ್ಲೇ ಹೆಸರ ಇಡ್ತಾರೇನು ಯಾರರೆ?" ಎಂದು ಕೇಳಿದರು. ನಾನು ಇಷ್ಟು ದಿನ ಒಬ್ಬಳೇ ಹಿಡಿದು ನಿಂತ ಹಟಕ್ಕೆ ಇನ್ನೊಬ್ಬರು ಹೆಗಲು ಕೊಟ್ಟಂತಾಯಿತು. ಹೆಸರಿನ ಜಾಗ ಖಾಲಿ ಬಿಟ್ಟು, ಬರಿಯ ಮನೆತನದ ಹೆಸರಿನಲ್ಲಿ ಮಗು ಮನೆಗೆ ಬಂತು. ಮುಂದೆ ಹೆಸರು ಬರೆಸಲು ಕೌಂಟಿ ಆಫೀಸಿಗೆ ಅಲೆಯುವುದು ಯಜಮಾನರ ಪಾಲಿಗೆ ಬಿತ್ತು; ಅವರು ಗೊಣಗಲಿಲ್ಲ.

ಹನ್ನೆರಡನೆಯ ದಿನ ನಮ್ಮ ಮೇಲಿನ ಮನೆಯಲ್ಲಿ ಗೋಧಿಯ ಹುಗ್ಗಿ ಮಾಡಿದೆವು. ಬಾಡಿಗೆಗೆ ತಂದ ತೊಟ್ಟಿಲಿಗೆ ಅಕ್ಕನೇ ಹೂ ಕಟ್ಟಿದರು. ಆಂಟಿ ಮಗ ಸೊಸೆಯೊಡನೆ ಬಂದು ಗೋಡೆಗೆ ಒರಗಿ ಕೂತಿದ್ದರು. ನಾನೂ ಯಜಮಾನರೂ ಸೇರಿ ಒಂದು ಹೆಸರು ಆರಿಸಿ ಅಕ್ಕನಿಗೆ ಮೊದಲೇ ಹೇಳಿದ್ದೆವು. ಚಿಕ್ಕ ಹೆಸರು, ಅಮೆರಿಕದ ಟೀಚರುಗಳ ಬಾಯಲ್ಲಿ ಕೆಡದಂಥದು. ಅಕ್ಕ ತೊಟ್ಟಿಲ ಮೇಲೆ ಬಾಗಿ ಕಿವಿಯಲ್ಲಿ ಹೇಳಿ, ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ ಹೆಸರು ಅದಲ್ಲ. ಅವರೇ ಯೋಚಿಸಿಟ್ಟುಕೊಂಡು ಬಂದಿದ್ದ ಬೇರೆ ಹೆಸರು, ಅದಕ್ಕಿಂತ ಉದ್ದದ್ದು.

ನಾನು ಯಜಮಾನರ ಮುಖ ನೋಡಿದೆ. ಅವರ ಬಾಯಿ ಸ್ವಲ್ಪ ತೆರೆದಿತ್ತು. ಅಕ್ಕ ತಮ್ಮನನ್ನೇ ನೋಡುತ್ತ, ಸೀರೆಯ ಸೆರಗು ಸರಿಮಾಡಿಕೊಂಡು, ಏನಾದರೂ ಅನ್ನುತ್ತಾನೇನೋ ಎಂದು ಕಾದು ನಿಂತಿದ್ದರು. ಮಗು ನಿದ್ದೆಯಲ್ಲಿ ತುಟಿ ಚಪ್ಪರಿಸಿತು.

ಯಜಮಾನರು ಜೇಬಿನಿಂದ ಪೆನ್ನು ತೆಗೆದರು. ಕಾಗದ ಸಿಗದೆ ಅಂಗೈ ಮೇಲೆ ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಬರೆದುಕೊಳ್ಳುತ್ತ ಹೋಗಿ ನಡುವೆ ನಿಂತರು.

"ಅಕ್ಕಾ, ಎಸ್ ಆದಮ್ಯಾಲೆ ಎಚ್ ಹಾಕ್ಲ್ಯಾ?"

"ಹಾಕು," ಎಂದರು ಅಕ್ಕ.